ಗುಂಡುತೋಪಿನ ಗಿರಾಕಿ

ನಮ್ಮ ಕಡೆಯ ಜನಕ್ಕೆ ಹೊಸ ಹೆಸರು ಬಾಯಿಗೆ ಹತ್ತುವುದು ಬಹಳ ನಿಧಾನ. ರಸ್ತೆಗೆ ಯಾರೋ ಮಹನೀಯರ ಹೆಸರಿಟ್ಟು, ಕಲ್ಲು ನೆಟ್ಟು, ಹಾರ ಹಾಕಿ ಭಾಷಣ ಮಾಡಿ ಹೋಗಿರುತ್ತಾರೆ. ಮಾರನೆಯ ದಿನ ಆಟೋದವನಿಗೆ ಆ ಹೆಸರು ಹೇಳಿದರೆ ಅವನು ತಲೆ ಕೆರೆದುಕೊಂಡು, ‘ಹಳೇ ಡಾಕ್ಟ್ರ ಬೀದಿಯಾ? ಹಂಗನ್ನಿ ಮತ್ತೆ’ ಅನ್ನುತ್ತಾನೆ. ಆ ಹಳೇ ಡಾಕ್ಟರು ತೀರಿಕೊಂಡು, ಅವರ ಮಗ ಡಾಕ್ಟರಾಗಿ, ಅವನೂ ಹಳಬನಾಗಿ ಎಷ್ಟೋ ಕಾಲವಾಗಿರುತ್ತದೆ. ಇದು ಸೋಮಾರಿತನ ಅಂತ ತಿಳಿದವರು ಹೇಳುತ್ತಾರೆ. ಅಲ್ಲ, ಇದು ಸಂಸ್ಕೃತಿ ಅಂತ ನಾನು ವಾದಿಸುತ್ತಿದ್ದೆ. ‘ವಾದಿಸುತ್ತಿದ್ದೆ’ ಅನ್ನುವ ಭೂತಕಾಲವನ್ನು ದಯವಿಟ್ಟು ಗಮನಿಸಬೇಕು. ಊರಿನ ಒಂದು ಹಳೆಯ ಹೆಸರನ್ನು ಉಳಿಸಲು ಹೋಗಿ ನನ್ನ ಹೆಸರನ್ನೇ ಕೆಡಿಸಿಕೊಂಡ ಮೇಲೆ ಆ ವಾದವನ್ನು ನಿಲ್ಲಿಸಿದ್ದೇನೆ.

ನಾನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ಈ ಕೆಲಸದಲ್ಲಿ ಎರಡು ತೊಂದರೆಗಳಿವೆ. ಒಂದು, ಗೂಡಿನ ಧೂಳಿಗೆ ಕಣ್ಣು ಸದಾ ಕೆಂಪಗಿರುತ್ತದೆ. ಇನ್ನೊಂದು, ವಾಸನೆ. ಗೂಡಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವರ್ಣಿಸಿ ಊಟ ಕೆಡಿಸುವ ಆಸೆ ನನಗಿಲ್ಲ. ಸ್ನಾನ ಮಾಡಿದರೂ ಅದು ಹೋಗದು, ಬಟ್ಟೆ ಬದಲಾಯಿಸಿದರೂ ಹೋಗದು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಎಲೆಯನ್ನು ಮೆಲ್ಲಗೆ ಆಚೆ ಸರಿಸಿಕೊಳ್ಳುತ್ತಾರೆ. ನನ್ನ ಹೆಂಡತಿ ಜಯಮ್ಮ ಮದುವೆಯಾದ ಹೊಸದರಲ್ಲೇ ಇದಕ್ಕೆ ಒಂದು ಮದ್ದು ಕಂಡುಹಿಡಿದಳು. ಜೇಬಿನಲ್ಲಿ ಸದಾ ಏಲಕ್ಕಿ ಇಟ್ಟುಕೊಂಡಿರಬೇಕು, ಯಾರ ಜೊತೆಗಾದರೂ ಮಾತಾಡುವ ಮುಂಚೆ ಒಂದು ಬಾಯಿಗೆ ಹಾಕಿಕೊಳ್ಳಬೇಕು. ಅಂದಿನಿಂದ ಇಂದಿನವರೆಗೂ ಹಾಗೇ ಮಾಡುತ್ತಿದ್ದೇನೆ. ಕೆಂಪು ಕಣ್ಣು, ಬಾಯಲ್ಲಿ ಏಲಕ್ಕಿ. ಇವೆರಡೂ ಒಂದೇ ಮುಖದಲ್ಲಿ ಸೇರಿದರೆ ಲೋಕ ಏನೆಂದುಕೊಳ್ಳುತ್ತದೆ ಅನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಈಗ ಗುಂಡುತೋಪಿನ ವಿಷಯ. ನಮ್ಮ ಮನೆಯಿಂದ ಕೂಗಳತೆಯಲ್ಲಿ ಒಂದು ದೊಡ್ಡ ತೋಪು ಇತ್ತು. ಹುಣಸೆ, ಹೊಂಗೆ, ನೇರಳೆ, ಮಾವು, ಎಲ್ಲ ತಾತಂದಿರ ಕಾಲದ ಮರಗಳು. ನೆರಳಿಗೆ ಅಂತ ಊರಿನವರೆಲ್ಲ ಸೇರಿ ನೆಟ್ಟು ಬೆಳೆಸಿದ ಮರಗಳ ಗುಂಪಿಗೆ ಗುಂಡುತೋಪು ಅನ್ನುವುದು ನಮ್ಮ ಸೀಮೆಯ ವಾಡಿಕೆ. ಮಾಗಡಿ ಕಡೆಯಿಂದ ಗೂಡು ತಂದ ಗಾಡಿಗಳು ಬೆಳಗಾಗುವುದನ್ನು ಕಾಯುತ್ತ ಅಲ್ಲಿ ಎತ್ತು ಬಿಚ್ಚುತ್ತಿದ್ದವು. ಟೂರಿಂಗ್ ಟಾಕೀಸಿನ ಡೇರೆ ಅಲ್ಲೇ ಏಳುತ್ತಿತ್ತು. ಚುನಾವಣೆ ಬಂದರೆ ಅಲ್ಲೇ ಭಾಷಣ. ಇಡೀ ಊರು ಸೈಕಲ್ಲು ಕಲಿತದ್ದೂ ಅಲ್ಲೇ. ಅಷ್ಟು ವಿಶಾಲವಾದ ಜಾಗದಲ್ಲಿ ಎಲ್ಲರೂ ಹೋಗಿ ಗುದ್ದುತ್ತಿದ್ದದ್ದು ಮಾತ್ರ ನಡುವಿನ ಅದೊಂದೇ ಹುಣಸೆಮರಕ್ಕೆ. ನನ್ನ ಮುಂದಿನ ಹಲ್ಲಿನ ಒಂದು ಚೂರು ಈಗಲೂ ಆ ತೊಗಟೆಯಲ್ಲಿ ಇರಬಹುದು ಅಂತ ನಾನು ಆಗಾಗ ನೋಡುವುದುಂಟು.

ಆಮೇಲೆ ಫ್ಯಾಕ್ಟರಿಗಳು ಬಂದವು. ಬಿಡದಿ ಕಡೆ ಬಂದವು, ಹಾರೋಹಳ್ಳಿ ಕಡೆ ಬಂದವು. ನಮ್ಮ ಬೀದಿಯ ಮನೆಗಳ ಮೇಲೆಲ್ಲ ಬಾಡಿಗೆಯ ಮಹಡಿಗಳು ಎದ್ದವು. ಕತ್ತಲೆ ಹರಿಯುವ ಮುಂಚೆ ಕಂಪನಿ ಬಸ್ಸುಗಳು ಬಂದು ನಿಂತು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿದ್ದವು. ಊರು ಜಿಲ್ಲಾ ಕೇಂದ್ರವೂ ಆಯಿತು. ಜಿಲ್ಲಾ ಕೇಂದ್ರ ಅಂದ ಮೇಲೆ ಒಂದು ಪಾರ್ಕು ಬೇಡವೇ? ನಮ್ಮ ತೋಪಿಗೆ ಕಬ್ಬಿಣದ ಬೇಲಿ ಬಂತು, ನಡೆಯಲು ಕೆಂಪು ಹಂಚಿನ ದಾರಿ ಬಂತು, ಕೂರಲು ಕಲ್ಲುಬೆಂಚು ಬಂತು, ಮಕ್ಕಳು ಸವಾರಿ ಮಾಡಲು ಸಿಮೆಂಟಿನ ಜಿಂಕೆ ಬಂತು. ಪುಣ್ಯಕ್ಕೆ ಮರಗಳನ್ನು ಹಾಗೇ ಬಿಟ್ಟರು. ಬಾಗಿಲಿಗೆ ‘ಸಾರ್ವಜನಿಕ ಉದ್ಯಾನವನ’ ಅಂತ ಹಲಗೆ ತೂಗುಹಾಕಿದರು. ಉದ್ಯಾನ ಅಂದ ಮೇಲೆ ವನ ಯಾಕೆ, ಗೇಟುಬಾಗಿಲು ಅಂದ ಹಾಗಾಯಿತಲ್ಲ ಅಂತ ನಾನು ಕೇಳಿದೆ.

ನಿಜ ಹೇಳಬೇಕೆಂದರೆ ಪಾರ್ಕು ಚೆನ್ನಾಗಿಯೇ ಆಯಿತು. ರಾತ್ರಿ ಪಾಳಿ ಮುಗಿಸಿದ ಹುಡುಗರು ಹಗಲೆಲ್ಲ ಹೊಂಗೆ ನೆರಳಲ್ಲಿ ಮಲಗುತ್ತಿದ್ದರು. ಸಂಜೆ ಬಾಗಿಲಲ್ಲಿ ಚನ್ನಪಟ್ಟಣದ ಬುಗುರಿ, ಗಿಲಕಿ ಮಾರುವವನು ಕೂರುತ್ತಿದ್ದ. ಹುಣಸೆಮರದ ಹಿಂದಿನ ಬೆಂಚು ಜೋಡಿಗಳಿಗೆ ಮೀಸಲು ಅಂತ ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಉಳಿದ ಜಾಗವೆಲ್ಲ ನಮ್ಮಂಥ ರೋಗಿಷ್ಠರದು. ಅಲ್ಲಿಯವರೆಗೆ ನಮಗೆ ರೋಗಗಳಿದ್ದವು, ಪಾರ್ಕು ಬಂದ ಮೇಲೆ ಅವುಗಳಿಗೆ ಕಸರತ್ತುಗಳು ಬಂದವು. ನಮ್ಮ ಗುಂಪಿಗೆ ಒಬ್ಬರು ರಿಟೈರಾದ ಪಿ.ಟಿ. ಮೇಷ್ಟ್ರು ತಾವಾಗಿಯೇ ಮುಖಂಡರಾದರು. ಬಿ.ಪಿ. ಇದ್ದವರು ಎಂಟರ ಆಕಾರದಲ್ಲಿ ಸುತ್ತಬೇಕು. ಅದಕ್ಕೇ ಅಂತ ನೆಲದ ಮೇಲೆ ಸುಣ್ಣದಲ್ಲಿ ಒಂದು ದೊಡ್ಡ ಎಂಟು ಬರೆಸಿದರು. ಮಂಡಿ ನೋವಿದ್ದವರು ಹಿಂದುಹಿಂದಕ್ಕೆ ನಡೆಯಬೇಕು. ಕೊನೆಗೆ ಎಲ್ಲರೂ ಎರಡೂ ಕೈ ಮೇಲೆತ್ತಿ, ಆಕಾಶ ನೋಡುತ್ತ, ಹೊಟ್ಟೆಯಿಂದ ಗಹಗಹಿಸಿ ನಗಬೇಕು. ಯಾಕೆ ನಗಬೇಕು ಅಂತ ಕೇಳಬಾರದು. ಒಮ್ಮೆ ಕೇಳಿದ್ದಕ್ಕೆ ಮೇಷ್ಟ್ರು, ‘ಕಾರಣ ಇದ್ರೆ ನಗೋದಕ್ಕೆ ಪಾರ್ಕ್ ಯಾಕ್ರೀ ಬೇಕು?’ ಅಂತ ಗದರಿದರು. ನನಗೆ ಬಿ.ಪಿ.ಯೂ ಇತ್ತು, ಮಂಡಿಯೂ ನೋಯುತ್ತಿತ್ತು. ಆದ್ದರಿಂದ ನಾನು ಎಂಟನ್ನು ಹಿಂದುಹಿಂದಕ್ಕೇ ಸುತ್ತುತ್ತಿದ್ದೆ. ಇದು ನನ್ನದೇ ಆವಿಷ್ಕಾರ.

ಇಷ್ಟೆಲ್ಲ ಒಪ್ಪಿಕೊಂಡವನು ಹೆಸರನ್ನು ಮಾತ್ರ ಒಪ್ಪಲಿಲ್ಲ. ಹೊಸದಾಗಿ ಬಂದವರೆಲ್ಲ ‘ಪಾರ್ಕು ಪಾರ್ಕು’ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾತಂದಿರು ನೆಟ್ಟ ಮರದ ಕೆಳಗೆ ಕೂತು ಪಾರ್ಕು ಅನ್ನುವುದೇ? ಸಿಕ್ಕಿದವರಿಗೆಲ್ಲ ತಿದ್ದಲು ಶುರು ಮಾಡಿದೆ. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಹೆಸರಿಗೆ ಒಂದು ಇತಿಹಾಸವನ್ನೂ ಹೊಸೆದೆ. ಗುಂಡು ಅಂದರೆ ಫಿರಂಗಿಯ ಗುಂಡು, ತೋಪು ಅಂದರೆ ಫಿರಂಗಿ. ಮಾಗಡಿಯ ಪಾಳೆಯಗಾರರು ಇಲ್ಲಿ ತಮ್ಮ ಮದ್ದುಗುಂಡು ಇಟ್ಟಿರಲೇಬೇಕು ಅಂತ ನನ್ನ ವಾದ. ಹಾಗಾದರೆ ಕರ್ನಾಟಕದ ಹಳ್ಳಿಹಳ್ಳಿಗೂ ಒಂದೊಂದು ಗುಂಡುತೋಪು ಇದೆಯಲ್ಲ, ಪಾಳೆಯಗಾರರಿಗೆ ಬೇರೆ ಕೆಲಸ ಇರಲಿಲ್ಲವಾ ಅಂತ ಮೇಷ್ಟ್ರು ಕೇಳಿದರು. ನನ್ನ ಸಿದ್ಧಾಂತ ಅಲ್ಲೇ ತೋಪೆದ್ದು ಹೋಯಿತು. ಆದರೆ ಹಠ ಹೋಗಲಿಲ್ಲ. ನನ್ನನ್ನು ರೇಗಿಸುವುದಕ್ಕೋ ಸಮಾಧಾನಕ್ಕೋ, ಬೀದಿಯವರು ನನ್ನೆದುರಿಗೆ ಗುಂಡುತೋಪು ಅಂತಲೇ ಅನ್ನತೊಡಗಿದರು. ಕ್ರಮೇಣ ನನ್ನ ಬೆನ್ನ ಹಿಂದೆಯೂ ಅಂದರು. ಬೀದಿ ಮೂಲೆಯ ಬೀಡಾ ಅಂಗಡಿಯ ಕೆಂಚಣ್ಣನಂತೂ ನನ್ನ ಪಟ್ಟಶಿಷ್ಯನಾಗಿಬಿಟ್ಟ. ನಾನು ಗೆದ್ದೆ ಅಂತ ಬೀಗಿದೆ.

ಗುಂಡು ಅನ್ನುವ ಮಾತಿಗೆ ನಮ್ಮ ಜನ ದಿನನಿತ್ಯ ಬಳಸುವ ಇನ್ನೊಂದು ಅರ್ಥವಿದೆ. ಸಂಜೆಯಾದ ಮೇಲೆ ಗಂಡಸರು ಗಂಟಲಿಗೆ ಇಳಿಸುವುದು. ಊರಿಗೆಲ್ಲ ಶಬ್ದಾರ್ಥ ಹೇಳಿಕೊಂಡು ತಿರುಗುತ್ತಿದ್ದ ನನಗೆ ಅದೊಂದು ಅರ್ಥ ಮಾತ್ರ ಹೊಳೆದಿರಲಿಲ್ಲ, ನೋಡಿ.

ಅದೇ ಹೊತ್ತಿಗೆ ನನ್ನ ಮಗಳು ಸುಮಳಿಗೆ ಗಂಡು ಗೊತ್ತಾಗುವ ಹಂತಕ್ಕೆ ಬಂದಿತ್ತು. ಸುಮ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಳು. ಹುಡುಗ ಮಂಜುನಾಥ ಅದೇ ಫ್ಯಾಕ್ಟರಿಯಲ್ಲಿ ಮಿಷನ್ನು ರಿಪೇರಿ ಮಾಡುವವನು. ದೊಡ್ಡಆಲಹಳ್ಳಿ ಕಡೆಯ ಒಳ್ಳೇ ಬೇಸಾಯಗಾರರ ಮನೆತನ. ಮಾತುಕತೆಯೆಲ್ಲ ಕ್ಯಾಂಟೀನಿನಲ್ಲೇ ಮುಗಿದಿತ್ತು ಅಂತ ಕಾಣುತ್ತದೆ. ನಮಗೆ ಉಳಿದದ್ದು ಹಿರಿಯರು ನೋಡಿ ಮಾಡಿದ ಸಂಬಂಧ ಅನ್ನುವ ಹಾಗೆ ಕಾಣಿಸುವುದು, ಉಪ್ಪಿಟ್ಟು ಕೇಸರಿಬಾತು ಮಾಡುವುದು, ಅಷ್ಟೆ. ಅದಕ್ಕಾಗಿ ಕನಕಪುರದಲ್ಲಿರುವ ಜಯಮ್ಮನ ತಮ್ಮ ಶಿವಣ್ಣನನ್ನು ಮಧ್ಯಸ್ಥಿಕೆಗೆ ಬಿಟ್ಟೆವು. ಸುಮ ನಮ್ಮೆದುರು ಮನಸ್ಸು ಬಿಚ್ಚಿ ಮಾತಾಡುವವಳಲ್ಲ. ಒಂದು ಸಂಜೆ ನನಗೆ ಕಾಫಿ ಕೊಟ್ಟು, ಲೋಟ ವಾಪಸು ತೆಗೆದುಕೊಳ್ಳುವವರೆಗೂ ಅಲ್ಲೇ ನಿಂತಿದ್ದು, ‘ಅಪ್ಪ, ಇದೊಂದು ತಪ್ಪಿಹೋಗದ ಹಂಗೆ ನೋಡ್ಕೊಳಪ್ಪ’ ಅಂದಳು. ಹೂಂ ಅಂದೆ.

ನಮ್ಮಲ್ಲಿ ಸಂಬಂಧ ಮಾಡುವ ಮುಂಚೆ ಗುಟ್ಟಾಗಿ ವಿಚಾರಿಸುವುದು ಪದ್ಧತಿ. ಹುಡುಗಿ ಹೇಗೆ ಅನ್ನುವುದಕ್ಕಿಂತ ಹುಡುಗಿಯ ಅಪ್ಪ ಹೇಗೆ ಅನ್ನುವುದನ್ನೇ ಹೆಚ್ಚು ಕೇಳುತ್ತಾರೆ. ಹುಡುಗನ ತಂದೆ ಬೋರೇಗೌಡರು ಬೇರೆ ಯಾರನ್ನೂ ನಂಬದೆ, ತಲೆಗೆ ಟವೆಲು ಸುತ್ತಿಕೊಂಡು ಒಂದು ಸಂಜೆ ತಾವೇ ನಮ್ಮ ಬೀದಿಗೆ ಬಂದರಂತೆ. ನೇರವಾಗಿ ಕೆಂಚಣ್ಣನ ಅಂಗಡಿಯಲ್ಲಿ ಎಲೆಅಡಿಕೆ ಕೊಂಡು, ಮಾರ್ಕೆಟ್ಟಿನ ಸಿದ್ದಣ್ಣನವರು ಸಿಗುತ್ತಾರಾ ಅಂತ ಕೇಳಿದರಂತೆ. ಸಿದ್ದಣ್ಣ ಅಂದರೆ ನಾನೇ.

‘ಈ ಹೊತ್ನಲ್ಲಿ ಎಲ್ಲಿ ಸಿಕ್ತಾರೆ? ಗುಂಡುತೋಪು!’ ಅಂದನಂತೆ ಕೆಂಚಣ್ಣ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು. ಬೋರೇಗೌಡರಿಗೆ ಕೇಳಿಸಿದ್ದು ಗುಂಡು ಮಾತ್ರ. ತೋಪು ಎಲೆಅಡಿಕೆಯ ರಸದಲ್ಲಿ ಕೊಚ್ಚಿಹೋಗಿತ್ತು.

‘ದಿನಾನಾ?’

‘ದಿನಾ! ಮಳೆ ಬರ್ಲಿ, ಸಿಡ್ಲು ಬರ್ಲಿ, ತಪ್ಪಿಸೋ ಆಸಾಮಿನೇ ಅಲ್ಲ. ಒಂದಿನ ವೋಗ್ದಿದ್ರೆ ರಾತ್ರಿ ನಿದ್ದೆನೇ ಬರಕ್ಕಿಲ್ಲ ಅಂತಾರೆ. ಅಗೋ, ಆ ಗೇಟ್ ಒಳಗೆ ವೋಗಿ ನೋಡಿ, ಹಿಂದಿಂದಕ್ಕೆ ಸುತ್ತತಾ ಇರೋರೇ ಅವ್ರು.’

ಬೋರೇಗೌಡರು ಗೇಟಿನ ಒಳಗೆ ಬಂದು ನೋಡಿದರು. ಆಮೇಲೆ ಅವರು ಏನು ಕಂಡಿರಬೇಕೆಂದು ನಾನು ಹೇಳಬೇಕಾಗಿಲ್ಲ.

ಎರಡು ದಿನ ಬಿಟ್ಟು ಶಿವಣ್ಣ ಬಂದ. ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಇದ್ದವು. ‘ಭಾವ, ಒಪ್ಕೊಂಡವ್ರೆ. ಭಾನುವಾರ ಹೆಣ್ಣು ನೋಡಕೆ ಬತ್ತಾರೆ. ಆದ್ರೆ ಒಂದ್ ಮಾತು...’ ಅಂತ ಹಿಂದೆ ಮುಂದೆ ನೋಡಿ ಎಲ್ಲ ಹೇಳಿದ. ಬೋರೇಗೌಡರು ಅಂದಿದ್ದರಂತೆ: ‘ಹೆಣ್ಣಿನ ಅಪ್ಪ ಒಸಿ ಗುಂಡಿನ ಗಿರಾಕಿ ಕಣಪ್ಪ. ನಾನೇ ಕಣ್ಣಾರ ಕಂಡೆ. ಆದ್ರೆ ಕುಡ್ದು ಜಗಳ ಮಾಡೋನಲ್ಲ, ನಗೋ ಜಾತಿ. ಈ ಕಾಲ್ದಲ್ಲಿ ಯಾರು ಕುಡಿಯಕ್ಕಿಲ್ಲ ಹೇಳು. ಹುಡುಗಿ ಒಳ್ಳೇದೈತೆ, ನಮಗೆ ಅಷ್ಟೇ ಸಾಕು.’

ನನಗೆ ಎಲ್ಲಿತ್ತೋ ಸಿಟ್ಟು! ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದವನು ನಾನು. ಆ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಬೀದಿ ಬದಲಾಯಿಸುವವನು. ಗೂಡಿನ ವಾಸನೆಯವನಿಗೆ ಇಷ್ಟು ದೌಲತ್ತೇ ಅಂತ ನೀವು ಕೇಳಬಹುದು, ಆದರೆ ಇರುವುದು ಹಾಗೆ. ಈಗಿಂದೀಗಲೇ ಕನಕಪುರದ ಬಸ್ಸು ಹತ್ತಿ ಹೋಗಿ ಇತ್ಯರ್ಥ ಮಾಡಿಕೊಂಡು ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ. ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು. ‘ಅಲ್ಲಾ, ಒಪ್ಕೊಂಡವ್ರೆ ಅಂತಿದಾನಲ್ಲ. ಕುಡುಕನ ಮಗಳು ಅಂದ್ರೂ ಬೇಕು ಅಂತವ್ರೆ. ಅಂಥ ಮನೆ ಇನ್ನೆಲ್ಲಿ ಸಿಕ್ತದೆ? ಮದುವೆ ಆಗೋಗಂಟ ಬಾಯಿ ಮುಚ್ಕೊಂಡಿರಿ. ನಿಮ್ಮ ಗುಂಡುತೋಪಿನ ಪುರಾಣ ಆಮೇಲೆ ಬಿಚ್ಚಿ’ ಅಂದಳು. ಸುಮ ನನ್ನ ಕಾಲಿನ ಚಪ್ಪಲಿ ಬಿಡಿಸಿ, ಎತ್ತಿಕೊಂಡು ಹೋಗಿ ಮೂಲೆಯಲ್ಲಿ ಇಟ್ಟಳು. ನಾನು ಸುಮ್ಮನಿರುತ್ತೇನೆ ಅಂತ ಮಾತು ಕೊಟ್ಟೆ.

ಭಾನುವಾರ ಬೋರೇಗೌಡರು, ಅವರ ಹೆಂಡತಿ ಮತ್ತು ಮಂಜುನಾಥ ಬಂದರು. ಬೋರೇಗೌಡರು ದೊಡ್ಡ ಮೀಸೆಯ, ಸಣ್ಣ ದನಿಯ ಒಳ್ಳೆಯ ಮನುಷ್ಯ. ಜಯಮ್ಮ ಉಪ್ಪಿಟ್ಟು ಕೊಟ್ಟಳು. ಸುಮ ಕಾಫಿ ತಂದಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೊದಲ ಸಲ ನೋಡುವವರ ಹಾಗೆ ಎಷ್ಟು ಚೆನ್ನಾಗಿ ನಟಿಸಿದರೆಂದರೆ ನನಗೇ ಅನುಮಾನ ಬಂತು. ಎಲ್ಲ ಸರಾಗವಾಗಿ ನಡೆದಿತ್ತು. ಬೋರೇಗೌಡರು ಪ್ರೀತಿಯಿಂದ ನನ್ನ ತೊಡೆ ತಟ್ಟಿ, ಗುಟ್ಟಿನ ದನಿಯಲ್ಲಿ, ‘ಒಸಿ ಕಮ್ಮಿ ಮಾಡ್ಕಳಿ ಬೀಗ್ರೇ, ಕಣ್ಣು ನೋಡಿ ಎಂಗಾಗವೆ’ ಅನ್ನದೇ ಇದ್ದಿದ್ದರೆ ನಾನು ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೆ.

ಆದರೆ ಅಂದುಬಿಟ್ಟರು. ನನ್ನ ಸ್ವಾಭಿಮಾನ ಎದ್ದು ಕೂತಿತು. ‘ಗೌಡ್ರೇ, ನಿಮಗೆ ತಪ್ಪು ತಿಳಿವಳಿಕೆ ಆಗಿದೆ’ ಅಂತ ಶುರು ಮಾಡಿದೆ. ಜಯಮ್ಮ ಅಡುಗೆಮನೆ ಬಾಗಿಲಿಂದ ಕಣ್ಣು ಕೆಕ್ಕರಿಸಿದಳು. ಶಿವಣ್ಣ ಕೆಮ್ಮಿದ. ನಾನು ನಿಲ್ಲಿಸಲಿಲ್ಲ. ಗುಂಡು ಬೇರೆ ಗುಂಡುತೋಪು ಬೇರೆ ಅಂತ ಹೇಳಿದೆ. ಮರಗಳ ಚರಿತ್ರೆ ಹೇಳಿದೆ, ಏಲಕ್ಕಿಯ ಕಾರಣ ಹೇಳಿದೆ, ಗೂಡಿನ ಧೂಳು ಹೇಳಿದೆ. ‘ನಾನು ಹೋಗೋದು ಪಾರ್ಕಿಗೆ ಗೌಡ್ರೇ, ಪಾರ್ಕಿಗೆ!’ ಅಂತ ಮುಗಿಸಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ಆ ಮಾತು ಬಂದಿತ್ತು.

ಬೋರೇಗೌಡರು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ‘ಅಂದ್ರೆ, ನೀವು ಕುಡಿಯಕ್ಕಿಲ್ಲ?’

‘ಒಂದು ತೊಟ್ಟೂ ಇಲ್ಲ. ದೇವರಾಣೆ.’

ಅವರ ಮುಖ ಅರಳುತ್ತದೆ ಅಂತ ಕಾದೆ. ಅರಳಲಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

‘ಮತ್ತೆ ಅವತ್ತು ಸಂಜೆ ಹಿಂದಿಂದಕ್ಕೆ ನಡೀತಿದ್ರಲ್ಲ?’

‘ಅದು ಮಂಡಿ ನೋವಿಗೆ.’

‘ಒಂದೇ ಕಡೆ ಸೊಟ್ಟಸೊಟ್ಟಗೆ ಸುತ್ತತಾ ಇದ್ರಲ್ಲ?’

‘ಅದು ಎಂಟು. ಎಂಟು ಹಾಕಿದರೆ ಬಿ.ಪಿ. ಇಳಿಯುತ್ತೆ.’

‘ಆಮೇಲೆ ಎರಡೂ ಕೈ ಮ್ಯಾಲೆತ್ತಿ, ಆಕಾಶ ನೋಡ್ಕೊಂಡು ನಕ್ಕಿದ್ದು? ಯಾರಾದ್ರೂ ಏನಾದ್ರೂ ತಮಾಸೆ ಮಾಡಿದ್ರಾ?’

‘ಇಲ್ಲ. ಸುಮ್ಮನೆ ನಗೋದು ಗೌಡ್ರೇ. ದಿನಾ ನಗ್ತೀವಿ.’

‘ಅಯ್ಯೋ ಶಿವನೇ’ ಅಂದರು ಬೋರೇಗೌಡರ ಹೆಂಡತಿ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಬೋರೇಗೌಡರು ನನ್ನ ಹತ್ತಿರ ಸರಿದು, ರೋಗಿಯ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ ಕೇಳಿದರು: ‘ಬೇಜಾರು ಮಾಡ್ಕಬೇಡಿ. ನಿಮ್ಮ ತಂದೆಯೋರ್ಗೂ ಇಂಗೇ ಇತ್ತಾ?’

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ‘ನೋಡಿ, ಕುಡ್ತ ಅಂದ್ರೆ ಅದು ಅವರವರ ಹೊಟ್ಟೆಗೆ, ಅವರವರ ಜೊತೆಗೇ ಹೋಯ್ತದೆ. ಕುಡ್ದೋನು ನಕ್ಕರೆ ಅದಕ್ಕೊಂದು ಅರ್ಥ ಐತೆ. ಕುಡೀದೆ ಹಿಂಗೆ ಮಾಡ್ತಾರೆ ಅಂದ್ರೆ ಅದು ತಲೇದು. ತಲೇದು ವಂಶದಲ್ಲಿ ಬತ್ತದೆ. ನಾಳೆ ಮೊಮ್ಮಕ್ಕಳು ಮರಿ...’ ಮಾತು ಮುಗಿಸದೆ ಮಗನ ಕಡೆ ನೋಡಿದರು. ಮಂಜುನಾಥ ನೆಲ ನೋಡುತ್ತಿದ್ದ.

ನಾನು ಅಡುಗೆಮನೆ ಬಾಗಿಲ ಕಡೆ ನೋಡಿದೆ. ಸುಮ ಖಾಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಅವಳು ಹೇಳಿದ್ದು ಒಂದೇ ಮಾತು, ನಾನು ಅಂದದ್ದು ಹೂಂ. ನನ್ನ ಮರ್ಯಾದೆಯನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಗಂಟಲು ಸರಿಮಾಡಿಕೊಂಡೆ. ‘ಗೌಡ್ರೇ... ಒಸಿ ತಕತೀನಿ’ ಅಂದೆ.

‘ಏನು?’

‘ಸಂಜೆ ಹೊತ್ತು. ತೋಪಿಗೆ ಹೋಗೋ ಮುಂಚೆ. ಒಸಿ.’

‘ಈಗ ತಾನೇ ದೇವರಾಣೆ ಅಂದ್ರಲ್ಲ?’

ಇಲ್ಲಿ ಶಿವಣ್ಣ ನನ್ನ ಕೈ ಹಿಡಿದ. ‘ಕುಡಿಯೋರು ಯಾವತ್ತು ಸಲೀಸಾಗಿ ಒಪ್ಕೊಂಡವ್ರೆ ಯಜಮಾನ್ರೇ?’ ಅಂದ. ಬೋರೇಗೌಡರು ಒಂದು ಗಳಿಗೆ ಯೋಚಿಸಿ, ‘ಅದೂ ದಿಟವೇ ಅನ್ನು’ ಅಂದರು. ಆಮೇಲೆ ಜಯಮ್ಮ ಮುಂದೆ ಬಂದಳು. ಇಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ, ಅವಳ ಬಾಯಲ್ಲಿ ಒಂದು ಸುಳ್ಳು ಕೇಳಿದವನಲ್ಲ ನಾನು. ಅವಳು ಸೆರಗಿನಿಂದ ಬಾರದ ಕಣ್ಣೀರು ಒರೆಸಿಕೊಂಡು, ‘ಹೇಳೀ ಹೇಳೀ ಸಾಕಾಯ್ತು ಕಣಣ್ಣ. ಏಲಕ್ಕಿ ಅಗ್ಕೊಂಡು ಬಂದ್ಬುಟ್ರೆ ನಮಗೆ ಗೊತ್ತಾಗಲ್ಲ ಅನ್ಕೊಂಡವ್ರೆ. ಮಗಳ ಮುಖ ನೋಡಿಯಾದ್ರೂ ಬುಡಿ ಅಂದ್ರೆ ಕೇಳ್ತಾರಾ ಈ ಮಾರಾಯ?’ ಅಂತ ಶುರು ಮಾಡಿದವಳು, ನಾನು ಒಂದು ಸಲ ಮೋರಿಯಲ್ಲಿ ಬಿದ್ದಿದ್ದನ್ನು, ಇನ್ನೊಂದು ಸಲ ಪಕ್ಕದ ಮನೆಯನ್ನು ನಮ್ಮ ಮನೆ ಅಂದುಕೊಂಡು ಬಾಗಿಲು ತಟ್ಟಿದ್ದನ್ನು ಎಷ್ಟು ನಿರರ್ಗಳವಾಗಿ ಹೇಳಿದಳೆಂದರೆ, ನನಗೇ ನನ್ನ ಮೇಲೆ ಅಸಹ್ಯವಾಯಿತು. ಬೋರೇಗೌಡರ ಹೆಂಡತಿ ಅವಳ ಬೆನ್ನು ಸವರಿದರು. ‘ನಮ್ಮಣ್ಣನೂ ಇಂಗೇ ಕಣವ್ವ, ಸರಿಹೋದ’ ಅಂದರು. ಬೋರೇಗೌಡರು ನಿಟ್ಟುಸಿರು ಬಿಟ್ಟು ಉಪ್ಪಿಟ್ಟಿನ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ‘ಅಂಗನ್ನಿ ಮತ್ತೆ! ಒಂದ್ ಗಳಿಗೆ ಎದೆನೇ ಒಡ್ದೋಗಿತ್ತು’ ಅಂದರು. ಅವತ್ತೇ ಮಾತು ಮುಗಿಯಿತು.

ಮದುವೆ ಚೆನ್ನಾಗಿ ಆಯಿತು. ಬೀಗರೂಟದ ದಿನ ಬೋರೇಗೌಡರು ನನ್ನನ್ನು ಪಕ್ಕಕ್ಕೆ ಕರೆದು, ಎರಡೂ ಕೈ ಹಿಡಿದುಕೊಂಡು, ‘ಬೀಗ್ರೇ, ನಿಮ್ಮನ್ನ ನನ್ನ ಒಡಹುಟ್ಟಿದೋನು ಅಂತ ತಿಳ್ಕೊಂಡು ಕೇಳ್ತೀನಿ. ಬುಟ್ಬುಡಿ’ ಅಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ನನಗೂ ಬಂತು. ಆಯಿತು, ಬಿಟ್ಟೆ ಅಂದೆ. ಪಂಕ್ತಿಯಲ್ಲಿದ್ದವರೆಲ್ಲ ಕೈ ತೊಳೆಯುವುದನ್ನೂ ಮರೆತು ನನ್ನನ್ನು ನೋಡಿದರು.

ಅಂದಿನಿಂದ ನನಗೆ ಸಿಗುತ್ತಿರುವ ಗೌರವವನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಐವತ್ತು ಚಿಲ್ಲರೆ ವರ್ಷ ಕುಡಿಯದೆ ಬದುಕಿದ್ದೆ, ಒಬ್ಬನಾದರೂ ಭೇಷ್ ಅಂದಿರಲಿಲ್ಲ. ಬಿಟ್ಟ ಮೇಲೆ ನೋಡಿ! ನೆಂಟರ ಮನೆಯಲ್ಲಿ ಎದ್ದು ಕುರ್ಚಿ ಕೊಡುತ್ತಾರೆ. ಜಯಮ್ಮ ತಲೆಯೆತ್ತಿಕೊಂಡು ಓಡಾಡುತ್ತಾಳೆ. ‘ನಮ್ಮನೆಯವ್ರು ಒಂದೇ ಮಾತಿಗೆ ಬುಟ್ಟಾಕಿದ್ರು’ ಅಂತ ಅವಳು ಹೇಳುವುದನ್ನು ಕೇಳಿದರೆ ಅವಳಿಗೂ ಈಗ ಅದು ಸುಳ್ಳು ಅಂತ ನೆನಪಿಲ್ಲವೇನೋ ಅನ್ನಿಸುತ್ತದೆ. ಸಂಜೆ ಬೆಂಚಿನ ಮೇಲೆ ಕೂತಿದ್ದರೆ ಯಾರಾದರೊಬ್ಬರು ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಮೊನ್ನೆ ಒಬ್ಬ ಬೈರಮಂಗಲದವನು ಬಂದಿದ್ದ, ಬಿಡದಿಯ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸವಂತೆ. ಬೆಂಚಿನ ತುದಿಯಲ್ಲಿ ಕೂತು, ‘ಸಿದ್ದಣ್ಣೋರೇ, ನೀವು ಎಂಗೆ ಬುಟ್ರಿ?’ ಅಂತ ಕೇಳಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ‘ಮನಸ್ಸು ಗಟ್ಟಿ ಮಾಡಬೇಕು ಕಣಪ್ಪ, ಅಷ್ಟೇ. ಮೊದಮೊದಲು ಒಸಿ ಕೈ ನಡುಗುತ್ತೆ, ಆಮೇಲೆ ಸರಿಹೋಗುತ್ತೆ’ ಅಂದೆ.